ಕೈ ಇಸುಬು (ಗೃಹಕೃತ್ಯ)

ಕೈ ಇಸುಬು ಎಂಬುದು ನೀರು, ಸಾಬೂನು, ಮಾರ್ಜಕ ಹಾಗೂ ಕೆಲವು ಆಹಾರಪದಾರ್ಥಗಳ ನಿರಂತರ ಸಂಪರ್ಕದಿಂದ ಅಂಗೈ ಮತ್ತು ಬೆರಳುಗಳಲ್ಲಿ ಉಂಟಾಗುವ ಚರ್ಮದ ಉರಿಯೂತ. ಚರ್ಮ ಒಣಗಿ ಬಿರಿಯುವುದು, ಕೆಂಪಾಗುವುದು, ತುರಿಕೆ ಇದರ ಮುಖ್ಯ ಲಕ್ಷಣಗಳು. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ.

ಕಾರಣಗಳು

ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯವಾಗಿದ್ದು, ಅದರ ಪಿಎಚ್ ಮೌಲ್ಯ 5ರ ಆಸುಪಾಸಿನಲ್ಲಿರುತ್ತದೆ. ಸಾಮಾನ್ಯ ಸಾಬೂನಿನದು 9ರಿಂದ 10. ಪದೇ ಪದೇ ಪಾತ್ರೆ ತೊಳೆಯುವುದರಿಂದ ಚರ್ಮದ ರಕ್ಷಕ ಕೊಬ್ಬಿನ ಪದರ ಕರಗಿಹೋಗುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ನೊರೆ ಬಾರದೆ ಸಾಬೂನಿನ ಬಳಕೆಯೂ ಹೆಚ್ಚುತ್ತದೆ. ಹಿಂದಿನವರು ಬಳಸುತ್ತಿದ್ದ ಒಲೆಯ ಬೂದಿ ಮೃದುವೆಂಬ ನಂಬಿಕೆ ಸರಿಯಲ್ಲ. ಅದರಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ನೀರಿನೊಡನೆ ಕ್ಷಾರವಾಗುತ್ತದೆ.

ಬೆಳ್ಳುಳ್ಳಿಯಿಂದ ಬರುವ ಇಸುಬಿಗೆ ಒಂದು ವಿಶೇಷ ಗುರುತಿದೆ. ಬಲಗೈಯಲ್ಲಿ ಚಾಕು ಹಿಡಿಯುವವರಿಗೆ ಎಸಳನ್ನು ಒತ್ತಿ ಹಿಡಿಯುವ ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ತುದಿ ಬಿರಿಯುತ್ತದೆ. ಸುವರ್ಣಗೆಡ್ಡೆ ಮತ್ತು ಕೆಸುವಿನ ತುರಿಕೆಗೆ ಅವುಗಳಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳು ಕಾರಣ. ಹೆಚ್ಚುವ ಮುನ್ನ ಕೈಗೆ ಎಣ್ಣೆ ಸವರಿಕೊಳ್ಳುವ ರೂಢಿ ಇದರಿಂದಲೇ ಬಂದಿದೆ.

ಹೊಗೆಸೊಪ್ಪಿನ ಸೀಮೆಯಲ್ಲಿ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಹೊಗೆಸೊಪ್ಪು ಪ್ರಮುಖ ವಾಣಿಜ್ಯ ಬೆಳೆ. ಹಸಿ ಎಲೆ ಮುರಿದು, ಬ್ಯಾರನ್‌ಗೆ ಏರಿಸಲು ಕಟ್ಟುವವರ ಕೈಗೆ ಕಪ್ಪು ಅಂಟು ಮೆತ್ತಿಕೊಳ್ಳುತ್ತದೆ. ಅದನ್ನು ಬಟ್ಟೆಸೋಪು ಅಥವಾ ಸೀಮೆಎಣ್ಣೆಯಿಂದ ಉಜ್ಜಿ ತೆಗೆದರೆ ಚರ್ಮ ಒಡೆಯುತ್ತದೆ. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ದೇಹವನ್ನು ಸೇರಿ ವಾಕರಿಕೆ, ತಲೆಸುತ್ತು ತರಬಲ್ಲದು. ಬಿರಿದ ಚರ್ಮ ಇದಕ್ಕೆ ಇನ್ನೂ ಸುಲಭದ ದಾರಿ. ಅದೇ ಕೈ ಸಂಜೆ ಪಾತ್ರೆ ತೊಳೆಯಬೇಕಾಗುತ್ತದೆ. ಹೊಲದಲ್ಲಿ ಕೈಗವಸು ತೊಟ್ಟು, ಕೆಲಸ ಮುಗಿದೊಡನೆ ಸೌಮ್ಯ ಸಾಬೂನಿನಿಂದ ತೊಳೆದುಕೊಳ್ಳುವುದು ಲೇಸು.

ಮನೆಯಲ್ಲಿ ಪಾಲಿಸಬಹುದಾದ ಕ್ರಮಗಳು

ರಾಗಿಮುದ್ದೆಯ ಪಾತ್ರೆಯಲ್ಲಿ ನೀರು ತುಂಬಿ ನೆನೆಯಲು ಬಿಟ್ಟರೆ ಸೀಕು ತಾನಾಗಿ ಬಿಡುತ್ತದೆ. ಉಜ್ಜುವ ಶ್ರಮವೂ ಪುಡಿಯ ಖರ್ಚೂ ಕಡಿಮೆ. ಉಂಗುರದ ಅಡಿಯಲ್ಲಿ ಸಾಬೂನು ನಿಲ್ಲುವುದರಿಂದ ಅದನ್ನು ತೆಗೆದಿಡಬೇಕು. ರಬ್ಬರ್ ಕೈಗವಸಿನೊಳಗೆ ಹತ್ತಿಯ ಕೈಗವಸಿರಲಿ. ಕೆಲಸದ ನಂತರ ಕೈ ಒರೆಸಿ ಕೊಬ್ಬರಿ ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಬಹುದು. ಬ್ಲೀಚಿಂಗ್ ಪುಡಿಯೊಡನೆ ಶೌಚಾಲಯದ ಆಮ್ಲವನ್ನು ಎಂದಿಗೂ ಬೆರೆಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಕೀವು ಕಂಡರೆ ಅಥವಾ ಕೆಲವು ವಾರಗಳಲ್ಲಿ ಗುಣವಾಗದಿದ್ದರೆ ಚರ್ಮವೈದ್ಯರನ್ನು ಕಾಣುವುದು ಅಗತ್ಯ.

ಅಂಟುವಾಳ ಮತ್ತು ಸೀಗೆ

ಇವುಗಳ ನೊರೆಗೆ ಕಾರಣ ಸಪೋನಿನ್ ಎಂಬ ಸಸ್ಯಜನ್ಯ ವಸ್ತು, ಕ್ಷಾರವಲ್ಲ. ಆದ್ದರಿಂದಲೇ ರೇಷ್ಮೆ ಸೀರೆಗಳನ್ನು ಅಂಟುವಾಳದ ನೀರಿನಲ್ಲಿ ಒಗೆಯುವ ಪದ್ಧತಿಯಿದೆ. ಕಣ್ಣಿಗೆ ತಗುಲಿದರೆ ಮಾತ್ರ ತೀವ್ರ ಉರಿಯಾಗುತ್ತದೆ. ಎಚ್.ಡಿ. ಕೋಟೆ, ಹುಣಸೂರು ಕಡೆಯ ಜೇನುಕುರುಬರಂತಹ ಆದಿವಾಸಿಗಳಿಗೆ ಇವುಗಳ ಸಂಗ್ರಹ ಜೀವನೋಪಾಯಗಳಲ್ಲೊಂದು. ಇಂತಹ ಕಿರು ಅರಣ್ಯ ಉತ್ಪನ್ನಗಳ ಮೇಲಿನ ಅವರ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಮಾನ್ಯಮಾಡಿದೆ.