ಗಂಡಭೇರುಂಡ ಲಾಂಛನ

ಮೈಸೂರಿನ ದೇವರಾಜ ಮೊಹಲ್ಲಾದಲ್ಲಿರುವ ಜಗನ್ಮೋಹನ ಅರಮನೆಯು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1861ರಲ್ಲಿ, ನಿರ್ಮಿತವಾದುದು. 1897ರಲ್ಲಿ ಹಳೆಯ ಅರಮನೆಯು ಬೆಂಕಿಗೆ ಆಹುತಿಯಾದ ಬಳಿಕ, ಹೊಸ ಅರಮನೆಯು 1912ರಲ್ಲಿ ಮುಗಿಯುವವರೆಗೆ ರಾಜಮನೆತನಕ್ಕೆ ಇದೇ ಆಶ್ರಯವಾಗಿದ್ದಿತು. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ರಾಜ್ಯಾಧಿಕಾರವನ್ನು ವಹಿಸಿಕೊಂಡುದೂ ಇಲ್ಲಿಯೇ. ಆ ಅಧಿಕಾರವು ಇಂದು ಇಲ್ಲ. ಆದರೆ ಅದರ ಗುರುತಾದ ಎರಡು ತಲೆಯ ಹಕ್ಕಿಯು ಕರ್ನಾಟಕ ಸರ್ಕಾರದ ಕಾಗದಪತ್ರಗಳ ಮೇಲೆಯೂ ಸಾರಿಗೆ ಬಸ್ಸುಗಳ ಮೇಲೆಯೂ ನೆಲೆಯಾಗಿ ನಿಂತಿದೆ. ಅರಸುತನವು ಹೋದರೂ ಅರಸರ ಗುರುತು ಉಳಿದ ಬಗೆಯು ವಿಚಾರಾರ್ಹವಾದುದು.

‘ಭೇರುಂಡ’ ಎಂಬ ಮಾತಿಗೆ ಭಯಂಕರವಾದುದೆಂದು ಅರ್ಥ. ‘ಗಂಡ’ ಎಂದೊಡನೆ ಕನ್ನಡಿಗರ ಕಿವಿಗೆ ಶೌರ್ಯದ ಧ್ವನಿಯೇ ಕೇಳುವುದು. ವಿಜಯನಗರದ ಅರಸರು ‘ಮೂರುರಾಯರ ಗಂಡ’ರೆನಿಸಿದರು, ಮೈಸೂರಿನ ಒಡೆಯರು ‘ಬಿರುದೆಂತೆಂಬರ ಗಂಡ’ರೆನಿಸಿದರು. ಎದುರಾಳಿಯನ್ನು ಅಡಗಿಸುವವನೇ ಗಂಡನೆಂಬ ಭಾವವು ಈ ಬಿರುದುಗಳಲ್ಲಿ ಸ್ಪಷ್ಟವಾಗಿದೆ.

ಹಕ್ಕಿಯ ಪ್ರಾಚೀನ ರೂಪಗಳೂ ಈ ಭಾವಕ್ಕೆ ಒಪ್ಪುವಂತಿವೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ, ಚಾಲುಕ್ಯ ಒಂದನೆಯ ಸೋಮೇಶ್ವರನ ಮಾಂಡಲಿಕನಾದ ಚಾಮುಂಡರಾಯರಸನು ಕ್ರಿ. ಶ. 1047ರಲ್ಲಿ ಭೇರುಂಡಸ್ತಂಭವನ್ನು ನಿಲ್ಲಿಸಿದನು. ಅಲ್ಲಿಯ ಭೇರುಂಡಕ್ಕೆ ಮನುಷ್ಯನ ಒಡಲು, ಹಕ್ಕಿಯ ಎರಡು ತಲೆ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ದೇವಾಲಯದಲ್ಲಿ ಒಂದು ಶಿಲ್ಪವು ಇನ್ನೂ ಮುಂದೆ ಹೋಗುತ್ತದೆ. ಜಿಂಕೆಯನ್ನು ಹೆಬ್ಬಾವು ನುಂಗುತ್ತಿದೆ. ಹೆಬ್ಬಾವನ್ನು ಆನೆ ಹಿಡಿದಿದೆ. ಆನೆಯನ್ನು ಸಿಂಹ, ಸಿಂಹವನ್ನು ಶರಭ, ಕಟ್ಟಕಡೆಗೆ ಶರಭವನ್ನು ಗಂಡಭೇರುಂಡ! ಬಲ್ಲಿದನಿಗೂ ಮೀರಿದ ಬಲ್ಲಿದನುಂಟೆಂಬುದೇ ಈ ಸಾಲಿನ ತಾತ್ಪರ್ಯ. ನರಸಿಂಹನನ್ನು ಅಡಗಿಸಲು ಶಿವನು ಶರಭನಾದನೆಂದು ಶೈವರೂ, ಆ ಶರಭನನ್ನು ಅಡಗಿಸಲು ವಿಷ್ಣುವು ಗಂಡಭೇರುಂಡನಾದನೆಂದು ವೈಷ್ಣವರೂ ಹೇಳುವ ಕಥೆಗಳಲ್ಲಿಯೂ ಇದೇ ಸ್ಪರ್ಧೆಯು ಕಾಣುವುದು.

ವಿಜಯನಗರದ ಅಚ್ಯುತದೇವರಾಯನು (1529–1542) ಈ ಹಕ್ಕಿಯನ್ನು ಚಿನ್ನದ ನಾಣ್ಯಗಳ ಮೇಲೆ ಒತ್ತಿಸಿದನು. ಅಂಗೈಯಲ್ಲಿ ಅಡಗುವ ಆ ನಾಣ್ಯದಲ್ಲಿ ಹಕ್ಕಿಯು ಕೊಕ್ಕುಗಳಲ್ಲಿಯೂ ಉಗುರುಗಳಲ್ಲಿಯೂ ಆನೆಗಳನ್ನು ಹಿಡಿದಿದೆ. ಚತುರಂಗಬಲದಲ್ಲಿ ಆನೆಯೇ ಮುಂದಾಗಿದ್ದ ಕಾಲದಲ್ಲಿ ಇದರ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೈಸೂರಿನ ಒಡೆಯರ ಲಾಂಛನದಲ್ಲಿ ಈ ಹಕ್ಕಿಯು ಬೇರೊಂದು ಪರಿವಾರದೊಡನೆ ಕಾಣಿಸಿಕೊಳ್ಳುತ್ತದೆ. ನಡುವೆ ಗುರಾಣಿ, ಮೇಲೆ ಶಿಖರ, ಇಕ್ಕೆಲದಲ್ಲಿ ಆಧಾರಮೃಗಗಳು, ಕೆಳಗೆ ಧ್ಯೇಯವಾಕ್ಯ ಎಂಬ ಈ ಏರ್ಪಾಡು ಯುರೋಪಿನ ಲಾಂಛನಪದ್ಧತಿಯದು. 1877ರ ದೆಹಲಿಯ ದರ್ಬಾರಿನಲ್ಲಿ ಬ್ರಿಟಿಷರು ದೇಶೀಯ ರಾಜರಿಗೆ ಇಂತಹ ಚಿಹ್ನೆಗಳುಳ್ಳ ಧ್ವಜಗಳನ್ನು ಕೊಟ್ಟರು. ಚೌಕಟ್ಟು ಪರದೇಶದ್ದಾದರೂ ಅದರೊಳಗಿನ ಪ್ರಾಣಿಗಳು ಕನ್ನಡನಾಡಿನವೇ. ಗುರಾಣಿಯ ಎರಡು ಬದಿಗಳಲ್ಲಿ ಆನೆಯ ಮುಖವೂ ಸಿಂಹದ ಒಡಲೂ ಉಳ್ಳ ಮೃಗಗಳು ನಿಂತಿವೆ. ಇವನ್ನು ಗಜಕೇಸರಿಯೆಂದೂ ಶರಭವೆಂದೂ ಕರೆಯುವರು. ಬೇಲೂರಿನ ಶಿಲ್ಪದಲ್ಲಿ ಭೇರುಂಡಕ್ಕೆ ತುತ್ತಾದ ಶರಭವು ಇಲ್ಲಿ ಅದರ ಕಾವಲಾಗಿದೆ. ನಾಣ್ಯದ ಮೇಲೆ ಉಗುರಿಗೆ ಸಿಕ್ಕ ಆನೆಯು ಸಿಂಹದೊಡನೆ ಕೂಡಿ ಗುರಾಣಿಯನ್ನು ಆತುಕೊಂಡಿದೆ. ಗೆಲುವಿನ ಗುರುತಾಗಿದ್ದುದು ಹೀಗೆ ರಕ್ಷಣೆಯ ಗುರುತಾಯಿತು. ಅರಮನೆಯ ಮಹಾದ್ವಾರದಲ್ಲಿ ತೈತ್ತಿರೀಯೋಪನಿಷತ್ತಿನಿಂದ ಆಯ್ದ, ಎಂದಿಗೂ ಅಂಜನೆಂಬ ಅರ್ಥದ ವಾಕ್ಯವಿದೆ. 1916ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವು ಇದೇ ಹಕ್ಕಿಯನ್ನು ತನ್ನ ಮುದ್ರೆಯಲ್ಲಿರಿಸಿ, ಜ್ಞಾನಕ್ಕೆ ಸಮನಾದುದಿಲ್ಲವೆಂಬ ಗೀತೆಯ ಮಾತನ್ನು ಅದಕ್ಕೆ ಜೊತೆಗೂಡಿಸಿತು.

1950ರಲ್ಲಿ ಭಾರತವು ಗಣರಾಜ್ಯವಾಯಿತು. 1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದು, ಮದರಾಸು, ಕೊಡಗುಗಳ ಕನ್ನಡ ಸೀಮೆಗಳು ಮೈಸೂರಿನೊಡನೆ ಕೂಡಿದುವು. 1973ರಲ್ಲಿ ನಾಡಿಗೆ ಕರ್ನಾಟಕವೆಂಬ ಹೆಸರಾಯಿತು. ಈಗಿನ ರಾಜ್ಯಲಾಂಛನದ ಕೆಂಪು ಗುರಾಣಿಯಲ್ಲಿ ಬಿಳಿಯ ಗಂಡಭೇರುಂಡವಿದೆ. ಇಕ್ಕೆಲದ ಗಜಕೇಸರಿಗಳೂ ಇವೆ. ಶಿಖರದಲ್ಲಿ ಸಾರನಾಥದ ಅಶೋಕಸ್ತಂಭದ ಸಿಂಹಗಳಿವೆ. ಕೆಳಗೆ ‘ಸತ್ಯಮೇವ ಜಯತೇ’ ಎಂಬ ವಾಕ್ಯ. ಮೈಸೂರಿನ ಒಡೆತನಕ್ಕೆ ಒಳಪಡದಿದ್ದ ಸೀಮೆಗಳಿಗೂ ಇದೇ ಗುರುತು ಸಲ್ಲುತ್ತದೆ. ಬಳ್ಳಿಗಾವೆಯ ಕಂಬವು ಚಾಲುಕ್ಯರ ಕಾಲದ್ದು, ಬೇಲೂರಿನ ಶಿಲ್ಪವು ಹೊಯ್ಸಳರದು, ನಾಣ್ಯವು ವಿಜಯನಗರದ್ದು; ಆದುದರಿಂದ ಈ ಹಕ್ಕಿಯನ್ನು ಒಂದೇ ಮನೆತನದ ಸೊತ್ತೆನ್ನಲಾಗದು.

ಪಂಚತಂತ್ರದಲ್ಲಿ ಇಂತಹುದೇ ಒಂದು ಹಕ್ಕಿಯ ಕಥೆಯುಂಟು. ಸಿಹಿಯಾದ ಹಣ್ಣನ್ನು ಒಂದು ತಲೆಯು ತಾನೇ ತಿಂದಿತೆಂದು ಮುನಿದ ಇನ್ನೊಂದು ತಲೆಯು, ಸೇಡಿಗಾಗಿ ವಿಷದ ಹಣ್ಣನ್ನು ತಿಂದಿತು. ಹೊಟ್ಟೆಯು ಒಂದೇ ಆದುದರಿಂದ ಎರಡೂ ಸತ್ತುವು. ಹಲವು ಸೀಮೆಗಳು ಕೂಡಿ ಒಂದಾದ ನಾಡು ತನ್ನ ಮುದ್ರೆಯಲ್ಲಿರುವ ಹಕ್ಕಿಯನ್ನು ನೋಡುವಾಗ, ಅದರ ಉಗುರುಗಳ ಬಲದೊಡನೆ ಈ ಕಥೆಯನ್ನೂ ನೆನೆಯುವುದು ಯುಕ್ತವಾಗಿದೆ.