ಅಕ್ಬರನ ಆಸ್ಥಾನದಲ್ಲಿ ಧೂಮಪರೀಕ್ಷೆ

ಶ್ವೇತಾದ್ರಿಯೆಂದು ಸಂಸ್ಕೃತದಲ್ಲಿ ಹೆಸರಾದ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ, ಯಳಂದೂರು ಕೊಳ್ಳೇಗಾಲಗಳ ಕಡೆ, ಎಲೆಯಡಕೆಯ ಸಂಚಿಯೊಳಗೆ ಹೊಗೆಸೊಪ್ಪಿನ ಎಸಳೂ ಇರುವುದು ಹಳೆಯ ರೂಢಿ. ವೀಳ್ಯದಂತೆಯೇ ಇದೂ ಪುರಾತನವೆಂದು ಜನರು ಭಾವಿಸುವುದು ಸಹಜವಾಗಿದೆ. ಆದರೆ ಈ ಸೊಪ್ಪು ಅಮೆರಿಕಾ ಖಂಡದಿಂದ ಪೋರ್ಚುಗೀಸರ ಮೂಲಕ ಬಂದುದು. ಇದರ ಗುಣದೋಷಗಳು ರಾಜಸಭೆಯಲ್ಲಿ ವಿಚಾರಣೆಗೆ ಬಂದ ವೃತ್ತಾಂತವೊಂದು ನಮ್ಮ ಬಿಜಾಪುರದಿಂದಲೇ ಹೊರಡುತ್ತದೆ.

ಹೊಗೆ ಸೇದುವುದು ಮಾತ್ರ ಭರತಖಂಡಕ್ಕೆ ಹೊಸತಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಧೂಮವರ್ತಿಯ ವಿಧಾನವೇ ಉಂಟು. ಸುಗಂಧದ್ರವ್ಯಗಳನ್ನು ಅರೆದು ಜೊಂಡಿನ ಕಡ್ಡಿಗೆ ಲೇಪಿಸಿ, ಎಂಟಂಗುಲ ಉದ್ದ, ಹೆಬ್ಬೆರಳಿನ ಗಾತ್ರದ ಬತ್ತಿಯನ್ನು ಮಾಡಿ, ಒಣಗಿದ ಮೇಲೆ ಕಡ್ಡಿಯನ್ನು ಸೆಳೆದು, ತುಪ್ಪ ಸವರಿ ಹೊತ್ತಿಸಬೇಕು. ಆಕಾರದಲ್ಲಿ ಈಗಿನ ಚುಟ್ಟವೇ ಸರಿ! ಎದೆ ಕಂಠಗಳು ಶುದ್ಧವಾಗಿ ತಲೆ ಹಗುರಾದರೆ ಪಾನವು ಹಿತಮಿತವಾಯಿತೆಂದೂ, ತಲೆ ತಿರುಗಿದರೆ ಮಿತಿಮೀರಿತೆಂದೂ ಲಕ್ಷಣಗಳನ್ನು ಹೇಳಿದೆ. ಹೊಗೆಯನ್ನು ಬಾಯಿಂದಲೇ ಬಿಡಬೇಕು. ಮೂಗಿನಿಂದ ಬಿಟ್ಟರೆ ಕಣ್ಣಿಗೆ ಕೇಡು. ಆ ದ್ರವ್ಯಗಳಲ್ಲಿ ಹೊಗೆಸೊಪ್ಪು ಇಲ್ಲ.

ಸುಮಾರು 1604ರಲ್ಲಿ ಅಕ್ಬರನ ದೂತನಾಗಿ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಬಳಿಗೆ ಬಂದಿದ್ದ ಅಸದ್ ಬೇಗನು ಬಿಜಾಪುರದಲ್ಲಿ ಈ ಸೊಪ್ಪನ್ನು ಕಂಡನು. ಆದಿಲ್ ಶಾಹನು ಕೊಟ್ಟಿದ್ದ ಅಂದವಾದ ವೀಳ್ಯದ ಸಂಚಿಯಲ್ಲಿಯೇ ಅದನ್ನು ತುಂಬಿಕೊಂಡು ಹೋದನು. ಒಂದು ಎಲೆಗೆ ಕಿಡಿ ತಾಗಿಸಿದರೆ ಉಳಿದುದೆಲ್ಲ ತಾನಾಗಿ ಉರಿಯುತ್ತಿತ್ತೆಂಬುದು ಅವನು ಕೊಟ್ಟ ಶ್ರೇಷ್ಠತೆಯ ಗುರುತು. ಮೂರು ಮೊಳದ ರತ್ನಖಚಿತ ನಳಿಗೆ, ಯೆಮನ್ ದೇಶದ ಕೆಂಪುಕಲ್ಲಿನ ಬಾಯಿ, ಬೆಳ್ಳಿಯ ತಟ್ಟೆ, ಇವೆಲ್ಲವುಗಳೊಡನೆ ಚಕ್ರವರ್ತಿಯ ಮುಂದಿಟ್ಟನು.

ಅಕ್ಬರನು ಎರಡು ಮೂರು ದಮ್ಮು ಎಳೆಯುವಷ್ಟರಲ್ಲಿ ಆಸ್ಥಾನವೈದ್ಯನು ತಡೆದನು. ತಮ್ಮ ಗ್ರಂಥಗಳಲ್ಲಿ ಇಲ್ಲದ, ಪರೀಕ್ಷೆಯಾಗದ ವಸ್ತು ಪ್ರಭುವಿಗೆ ಸಲ್ಲದೆಂದು ಅವನ ವಾದ. ಪರೀಕ್ಷಿಸದೆ ತೀರ್ಪು ಕೊಡುವುದೆಂತು, ಯಾವ ಪದ್ಧತಿ ತಾನೇ ಒಂದು ಕಾಲಕ್ಕೆ ಹೊಸತಾಗಿರಲಿಲ್ಲವೆಂದು ಅಸದ್ ಬೇಗನ ಪ್ರತಿವಾದ. ಅಕ್ಬರನು ದೂತನ ಮಾತನ್ನೇ ಮೆಚ್ಚಿದನು. ವೈದ್ಯನು ಒಪ್ಪಲಿಲ್ಲ, ಆದರೂ ಅವನು ಒಳ್ಳೆಯ ವೈದ್ಯನೆಂದು ಅಸದ್ ಬೇಗನೇ ಬರೆದಿಟ್ಟಿರುವುದು ಅವನ ಸೌಜನ್ಯ.

ನೈಯಾಯಿಕರ ಪರಿಭಾಷೆಯಲ್ಲಿ ಒಬ್ಬನು ಶಬ್ದಪ್ರಮಾಣವನ್ನು ಹಿಡಿದನು, ಮತ್ತೊಬ್ಬನು ಪ್ರತ್ಯಕ್ಷವನ್ನು. ತರ್ಕದಲ್ಲಿ ಗೆಲವು ದೂತನದೇ. ಆದರೆ ಮೂರು ದಮ್ಮುಗಳ ಪ್ರತ್ಯಕ್ಷವು ರುಚಿಯನ್ನು ತಿಳಿಸೀತು. ಮೂವತ್ತು ವರ್ಷಗಳ ಫಲವನ್ನು ತಿಳಿಸಲಾರದು. ಧೂಮಪಾನಕ್ಕೂ ಶ್ವಾಸಕೋಶದ ಅರ್ಬುದರೋಗಕ್ಕೂ ಇರುವ ನಂಟನ್ನು ಇಂಗ್ಲೆಂಡು ಅಮೆರಿಕಗಳ ವೈದ್ಯರು ರೋಗಿಗಳ ಲೆಕ್ಕವಿಟ್ಟು ದೃಢವಾಗಿ ತೋರಿಸಿದುದು 1950ರಲ್ಲಿ.

ಅಕ್ಬರನು ಮತ್ತೆ ಸೇದಲಿಲ್ಲ. ಸರದಾರರು ಕೇಳಿ ಕೇಳಿ ತರಿಸಿಕೊಂಡರು, ವರ್ತಕರು ಮಾರಿದರು. ಅವನ ಮಗ ಜಹಾಂಗೀರನು 1617ರಲ್ಲಿ ಇದನ್ನು ನಿಷೇಧಿಸಿದನು; ಇರಾನಿನ ಷಾ ಅಬ್ಬಾಸನೂ ನಿಷೇಧಿಸಿದ್ದನು. ಆ ಷಾಹನ ಸಭೆಗೆ ಜಹಾಂಗೀರನು ಕಳುಹಿಸಿದ ರಾಯಭಾರಿ ಖಾನ್ ಆಲಮನಿಗೆ ಮಾತ್ರ ಕ್ಷಣಕಾಲವೂ ಹೊಗೆಯಿಲ್ಲದೆ ಇರಲಾಗುತ್ತಿರಲಿಲ್ಲ. ಷಾಹನು ಅವನೊಬ್ಬನಿಗೆ ಅಪ್ಪಣೆ ಕೊಡಬೇಕಾಯಿತು.