೯೨೪ ಗಿಲ್ಮನ್ ಸ್ಟ್ರೀಟ್

೯೨೪ ಗಿಲ್ಮನ್ ಸ್ಟ್ರೀಟ್ ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯ ರಾಜ್ಯದ ಬರ್ಕ್ಲಿ ನಗರದಲ್ಲಿರುವ ಸಂಗೀತ ಸಭಾಂಗಣ.  ಕಟ್ಟಡದ ವಿಳಾಸವೇ ಇದರ ರೂಢಿಯ ಹೆಸರಾಗಿ ಉಳಿದಿದೆ. ಅಭಿಮಾನಿಗಳು ಇದನ್ನು 'ಗಿಲ್ಮನ್' ಎಂದಷ್ಟೇ ಕರೆಯುತ್ತಾರೆ. ೧೯೮೬ರ ಡಿಸೆಂಬರ್ ೩೧ರಂದು ಆರಂಭವಾದ ಈ ಸಭಾಂಗಣಕ್ಕೆ ಮಾಲೀಕನಾಗಲಿ, ಲಾಭದ ಪಾಲುದಾರರಾಗಲಿ ಇಲ್ಲ. ಸದಸ್ಯರು ಮತ್ತು ಸ್ವಯಂಸೇವಕರು ಸೇರಿ ಇದನ್ನು ನಡೆಸುತ್ತಾರೆ. ಪಂಕ್ ಸಂಗೀತದಲ್ಲಿ 'ಡಿಐವೈ' ಎಂದು ಹೆಸರಾದ, ಅಂದರೆ ಕಂಪನಿಗಳನ್ನೂ ವ್ಯಾಪಾರಿಗಳನ್ನೂ ಆಶ್ರಯಿಸದೆ ಎಲ್ಲವನ್ನೂ ತಾವೇ ಮಾಡಿಕೊಳ್ಳುವ ಪದ್ಧತಿಗೆ ಇದನ್ನು ಪ್ರಮುಖ ಉದಾಹರಣೆಯಾಗಿ ಹೇಳುವುದುಂಟು.

ಹಿನ್ನೆಲೆ ಮತ್ತು ಸ್ಥಾಪನೆ

ಸ್ಥಾಪಕರಲ್ಲಿ ಮುಖ್ಯನಾದವನು ಟಿಮ್ ಯೊಹಾನನ್. 'ಮ್ಯಾಕ್ಸಿಮಮ್ ರಾಕ್ ಎನ್ ರೋಲ್' ಎಂಬ ಹೆಸರಿನಲ್ಲಿ ಮೊದಲು ಬರ್ಕ್ಲಿಯ ಬಾನುಲಿ ಕಾರ್ಯಕ್ರಮವೊಂದನ್ನೂ, ೧೯೮೨ರಿಂದ ಅದೇ ಹೆಸರಿನ ಪತ್ರಿಕೆಯನ್ನೂ ಈತನ ಬಳಗ ನಡೆಸುತ್ತಿತ್ತು. ಆ ಕಾಲದ ಪಂಕ್ ಕಾರ್ಯಕ್ರಮಗಳಲ್ಲಿ ಹೊಡೆದಾಟಗಳು ಸಾಮಾನ್ಯವಾಗಿದ್ದವು. ಅದಲ್ಲದೆ ಅಮೆರಿಕದಲ್ಲಿ ಮದ್ಯ ಸೇವನೆಗೆ ೨೧ ವರ್ಷ ತುಂಬಿರಬೇಕಾದ ಕಾರಣ, ಮದ್ಯ ಮಾರುವ ಅನೇಕ ಸಂಗೀತ ಕ್ಲಬ್ಬುಗಳಿಗೆ ಶಾಲಾ ಕಾಲೇಜಿನ ಹುಡುಗರು ಕಾಲಿಡುವಂತಿರಲಿಲ್ಲ. ಈ ಸಂಗೀತವನ್ನು ಹೆಚ್ಚಾಗಿ ನುಡಿಸುತ್ತಿದ್ದವರೂ ಕೇಳುತ್ತಿದ್ದವರೂ ಅದೇ ವಯಸ್ಸಿನವರು.

ಪಶ್ಚಿಮ ಬರ್ಕ್ಲಿಯ ಕೈಗಾರಿಕಾ ಪ್ರದೇಶದಲ್ಲಿ ಖಾಲಿಯಿದ್ದ ಗೋದಾಮಿನಂತಹ ಕಟ್ಟಡವನ್ನು ಬಾಡಿಗೆಗೆ ಹಿಡಿಯಲಾಯಿತು. ಅದನ್ನು ಸಭಾಂಗಣವಾಗಿ ಮಾರ್ಪಡಿಸುವ ಕೆಲಸ ತಿಂಗಳುಗಟ್ಟಲೆ ನಡೆಯಿತು. ನಗರಾಡಳಿತದ ಕಟ್ಟಡ ನಿಯಮಗಳಿಗೆ ಒಪ್ಪುವಂತೆ ಅದನ್ನು ಸಜ್ಜುಗೊಳಿಸಿ ಪರವಾನಗಿ ಪಡೆಯುವುದಕ್ಕೆ ಸ್ವಯಂಸೇವಕರೇ ದುಡಿದರು. ಇಂತಹ ತಂಡಗಳು ಸಾಮಾನ್ಯವಾಗಿ ಬೇಸರಿಸಿ ಕೈಬಿಡುವ ಕೆಲಸವೆಂದರೆ ಪರವಾನಗಿಯದು. ಗಿಲ್ಮನ್‌ನ ದೀರ್ಘಾಯುಷ್ಯಕ್ಕೆ ಅಲ್ಲಿನ ಸಂಗೀತದಷ್ಟೇ ಈ ಕಾಗದಪತ್ರಗಳೂ ಕಾರಣವೆನ್ನಬೇಕು.

ನಿಯಮಗಳು ಮತ್ತು ಆಡಳಿತ

ಮದ್ಯ, ಮಾದಕ ವಸ್ತು, ಹಿಂಸೆಗಳಿಗೆ ಇಲ್ಲಿ ಅವಕಾಶವಿಲ್ಲ. ಜನಾಂಗದ್ವೇಷ, ಸ್ತ್ರೀದ್ವೇಷ ಮತ್ತು ಸಲಿಂಗಿಗಳ ಬಗೆಗಿನ ದ್ವೇಷವನ್ನು ಸಾರುವ ತಂಡಗಳಿಗೆ ವೇದಿಕೆಯಿಲ್ಲ. ಯಾವ ವಯಸ್ಸಿನವರಾದರೂ ಬರಬಹುದು. ಆದರೆ ಸದಸ್ಯತ್ವದ ಚೀಟಿ ಕಡ್ಡಾಯ. ಇದರ ವಾರ್ಷಿಕ ಶುಲ್ಕ ಬಹುಕಾಲ ೨ ಡಾಲರ್ ಆಗಿತ್ತು. ನಿಯಮಗಳನ್ನು ಒಪ್ಪಿಯೇ ಒಳಬಂದಿದ್ದೇನೆ ಎಂಬುದಕ್ಕೆ ಆ ಚೀಟಿ ಸಾಕ್ಷಿಯಾಗಿತ್ತು. ಸದಸ್ಯರ ಸಭೆಯಲ್ಲಿ ಚರ್ಚಿಸಿ ಮತ ಹಾಕಿ ತೀರ್ಮಾನಗಳನ್ನು ಕೈಗೊಳ್ಳುತ್ತಾರೆ. ಬಾಗಿಲು ಕಾಯುವುದು, ಧ್ವನಿವರ್ಧಕಗಳನ್ನು ನೋಡಿಕೊಳ್ಳುವುದು, ಕಾರ್ಯಕ್ರಮ ಮುಗಿದ ಮೇಲೆ ಕಸ ಗುಡಿಸುವುದು ಎಲ್ಲವೂ ಸ್ವಯಂಸೇವಕರ ಪಾಲು.

ಆರಂಭದ ದಿನಗಳಲ್ಲಿ ಯಾವ ತಂಡ ನುಡಿಸಲಿದೆ ಎಂದು ಮುಂಚಿತವಾಗಿ ಪ್ರಕಟಿಸದಿರುವ ಪ್ರಯೋಗವೂ ನಡೆದಿತ್ತು. ಜನರು ಪ್ರಸಿದ್ಧಿಗಾಗಿ ಬರದೆ ಸ್ಥಳದ ಮೇಲಿನ ಪ್ರೀತಿಯಿಂದ ಬರಲಿ ಎಂಬುದು ಇದರ ಹಿಂದಿನ ಆಶಯ. ಆಶಯ ದೊಡ್ಡದಾದರೂ ಪ್ರಯೋಗ ಹೆಚ್ಚು ಕಾಲ ನಡೆಯಲಿಲ್ಲ.

ಹಣಕಾಸಿನ ತೊಡಕು

ಸಾಮಾನ್ಯ ಸಂಗೀತ ಕ್ಲಬ್ಬುಗಳಲ್ಲಿ ಬಾಡಿಗೆಯನ್ನು ತೀರಿಸುವುದು ಬಹುಪಾಲು ಮದ್ಯದ ಮಾರಾಟ. ಟಿಕೆಟಿನ ಹಣ ಕಲಾವಿದರಿಗೆ ಹೋಗುತ್ತದೆ. ಮದ್ಯವನ್ನು ಬಿಟ್ಟುಕೊಟ್ಟ ಗಿಲ್ಮನ್ ಆ ಆದಾಯವನ್ನೂ ಬಿಟ್ಟುಕೊಟ್ಟಿತು. ಹೀಗಾಗಿ ಬಾಗಿಲಲ್ಲಿ ಸಂಗ್ರಹವಾದ ಅಲ್ಪ ಮೊತ್ತದಲ್ಲಿಯೇ ಬಾಡಿಗೆ, ವಿಮೆ, ದುರಸ್ತಿಯ ವೆಚ್ಚ ಮತ್ತು ತಂಡಗಳ ಪಾಲು ಎಲ್ಲವೂ ಹೊಂದಬೇಕಾಯಿತು. ಪ್ರವೇಶ ದರವನ್ನು ಏರಿಸಿದರೆ ಯಾರಿಗಾಗಿ ಈ ಸ್ಥಳ ಹುಟ್ಟಿತೋ ಅವರೇ ಹೊರಗುಳಿಯುತ್ತಾರೆ.

೧೯೮೮ರ ಸೆಪ್ಟೆಂಬರಿನಲ್ಲಿ ಸಭಾಂಗಣ ಮುಚ್ಚಿತು. ಸ್ಥಾಪಕ ಬಳಗ ಹಣದ ಚಿಂತೆಯಿಂದಲೂ ದಣಿವಿನಿಂದಲೂ ಹಿಂದೆ ಸರಿದಿತ್ತು. ಆದರೆ ಅಲ್ಲಿಯೇ ಬೆಳೆದ ಕಿರಿಯ ಸ್ವಯಂಸೇವಕರು ಅಲ್ಪಕಾಲದಲ್ಲಿಯೇ ಅದನ್ನು ಪುನಃ ತೆರೆದರು. ಸ್ಥಾಪಕರು ಹೊರಟುಹೋದ ಮೇಲೂ ಸಂಸ್ಥೆ ನಿಲ್ಲಬಲ್ಲದೇ ಎಂಬ ಪ್ರಶ್ನೆ ಇದಿರಾದದ್ದು ಆಗಲೇ. ಯೊಹಾನನ್ ೧೯೯೮ರಲ್ಲಿ ತೀರಿಕೊಂಡನು.

ಮುಂದೆ ನೆರೆಹೊರೆಯ ಸ್ವರೂಪವೂ ಬದಲಾಯಿತು. ೧೯೯೦ರ ದಶಕದ ಕೊನೆಯಲ್ಲಿ ಎದುರಿಗೇ ಬಿಯರ್ ತಯಾರಿಸುವ ಸಂಸ್ಥೆಯೊಂದು ತನ್ನ ಉಪಾಹಾರ ಗೃಹದೊಂದಿಗೆ ಆರಂಭವಾದಾಗ, ಸಭಾಂಗಣ ಉಳಿಯುವುದೇ ಎಂಬ ಆತಂಕ ಮೂಡಿತ್ತು. ಕೊನೆಗೆ ಎರಡೂ ಒಂದೇ ಬೀದಿಯಲ್ಲಿ ಹೊಂದಿಕೊಂಡು ನಡೆದವು. ೨೦೧೦ರ ಸುಮಾರಿಗೆ ಬಾಡಿಗೆ ಏರಿದಾಗ ಸಹಾಯಾರ್ಥ ಪ್ರದರ್ಶನಗಳು ನಡೆದವು.

ದೊಡ್ಡ ಕಂಪನಿಗಳ ವಿವಾದ

ಆಪರೇಷನ್ ಐವಿ ಮತ್ತು ಗ್ರೀನ್ ಡೇ ಇಲ್ಲಿ ಬೆಳೆದ ತಂಡಗಳಲ್ಲಿ ಹೆಸರಾದವು. ೧೯೮೭ರಲ್ಲಿ ಆರಂಭವಾದ ಲುಕ್‌ಔಟ್ ಎಂಬ ಸ್ಥಳೀಯ ಮುದ್ರಿಕೆ ಸಂಸ್ಥೆ ಇವೆರಡರ ಧ್ವನಿಮುದ್ರಿಕೆಗಳನ್ನೂ ಹೊರತಂದಿತು. ಗಿಲ್ಮನ್‌ನ ನಿಯಮದಂತೆ ದೊಡ್ಡ ಮುದ್ರಿಕೆ ಕಂಪನಿಗಳೊಡನೆ ಒಪ್ಪಂದ ಮಾಡಿಕೊಂಡವರು ಅಲ್ಲಿ ನುಡಿಸುವಂತಿರಲಿಲ್ಲ. ವಾರ್ನರ್ ಬಳಗದ ರಿಪ್ರೈಸ್ ಕಂಪನಿಯನ್ನು ಸೇರಿದ ಗ್ರೀನ್ ಡೇ, ೧೯೯೪ರಲ್ಲಿ 'ಡೂಕಿ' ಮುದ್ರಿಕೆಯಿಂದ ಜಗತ್ಪ್ರಸಿದ್ಧವಾಯಿತು. ತವರಿನ ಬಾಗಿಲು ಮಾತ್ರ ಅದಕ್ಕೆ ಮುಚ್ಚಿತು. ಮರುವರ್ಷದ ಮುದ್ರಿಕೆಯ '೮೬' ಎಂಬ ಹಾಡು ಈ ಬಹಿಷ್ಕಾರದ ಕುರಿತದ್ದೆಂದು ಪ್ರತೀತಿ.

ಈ ನಿಯಮವನ್ನು ಕೇವಲ ಹಟವೆಂದು ತಳ್ಳಿಹಾಕಲಾಗದು. ಹೆಸರಾಂತ ತಂಡಗಳು ಬಂದರೆ ಮೊದಲ ಬಾರಿ ವೇದಿಕೆ ಹತ್ತುವ ಹುಡುಗರಿಗೆ ಸರದಿ ಸಿಗುವುದು ಕಷ್ಟ. ಆದರೆ ಶುದ್ಧಿಯ ಆಗ್ರಹಕ್ಕೆ ಕರಾಳ ಮುಖವೂ ಇತ್ತು. ೧೯೯೪ರ ಮೇ ತಿಂಗಳಲ್ಲಿ 'ಡೆಡ್ ಕೆನಡೀಸ್' ತಂಡದ ಹಿಂದಿನ ಗಾಯಕ ಜೆಲ್ಲೊ ಬಿಯಾಫ್ರಾನ ಮೇಲೆ, ಹಣಕ್ಕೆ ಮಾರಿಕೊಂಡವನೆಂದು ಜರೆಯುತ್ತ, ಇದೇ ಸಭಾಂಗಣದಲ್ಲಿ ಹಲ್ಲೆ ನಡೆಯಿತು. ಅವನ ಕಾಲಿಗೆ ತೀವ್ರ ಪೆಟ್ಟಾಯಿತು. ಹಿಂಸೆಯನ್ನು ನಿಷೇಧಿಸಿದ್ದ ಸ್ಥಳದಲ್ಲಿ ನಡೆದ ಘಟನೆಯಿದು.

ಗ್ರೀನ್ ಡೇ ೨೦೧೫ರ ಮೇ ೧೭ರಂದು ಅಲ್ಲಿ ಮತ್ತೆ ನುಡಿಸಿತು. ಬೆಂಕಿ ಅನಾಹುತಕ್ಕೆ ತುತ್ತಾಗಿದ್ದ ಎಕೆ ಪ್ರೆಸ್ ಪ್ರಕಾಶನ ಮತ್ತು ಮುದ್ರಣಾಲಯವೊಂದರ ನೆರವಿಗಾಗಿ ನಡೆದ ಪ್ರದರ್ಶನವದು.

ನಂತರದ ವರ್ಷಗಳು

೨೦೧೬ರ ಡಿಸೆಂಬರ್ ೨ರಂದು ನೆರೆಯ ಓಕ್ಲೆಂಡ್ ನಗರದಲ್ಲಿ 'ಘೋಸ್ಟ್ ಶಿಪ್' ಎಂಬ ಗೋದಾಮಿನಲ್ಲಿ ಸಂಗೀತ ಕಾರ್ಯಕ್ರಮದ ವೇಳೆ ಬೆಂಕಿ ಹತ್ತಿ ೩೬ ಜನ ಮಡಿದರು. ಅದು ಪರವಾನಗಿಯಿಲ್ಲದ ಸ್ಥಳವಾಗಿತ್ತು. ಬಾಡಿಗೆ ತೆರಲಾರದ ಕಲಾವಿದರು ಎಂತಹ ಕಟ್ಟಡಗಳನ್ನು ಆಶ್ರಯಿಸುತ್ತಿದ್ದರು ಎಂಬುದು ಆಗ ಎಲ್ಲರ ಅರಿವಿಗೆ ಬಂದಿತು.

ಗಿಲ್ಮನ್ ಮತ್ತು ಸುತ್ತಲಿನ ಸಂಗೀತ ಸಮುದಾಯವನ್ನು ಕುರಿತು ಕಾರ್ಬೆಟ್ ರೆಡ್‌ಫೋರ್ಡ್ ನಿರ್ದೇಶಿಸಿದ 'ಟರ್ನ್ ಇಟ್ ಅರೌಂಡ್' ಎಂಬ ಸಾಕ್ಷ್ಯಚಿತ್ರ ೨೦೧೭ರಲ್ಲಿ ತೆರೆಕಂಡಿತು. ೨೦೨೦ರಲ್ಲಿ ಕೋವಿಡ್ ಕಾರಣದಿಂದ ಕಾರ್ಯಕ್ರಮಗಳು ನಿಂತವು. ಮುಂದೆ ಸಭಾಂಗಣ ಅದೇ ವಿಳಾಸದಲ್ಲಿ ಪುನಃ ತೆರೆಯಿತು.